ಹಾಸಿನ ನೂಲಿನ ಕಾಲುಚೀಲ

೧೯೮೩ ಫೆಬ್ರವರಿ ೬, ರವಿವಾರ, ಮುಂಜಾನೆ ಆರು ಗಂಟೆ ಹತ್ತು ನಿಮಿಷ. ಲಕ್ಷ್ಮೇಶ್ವರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕ್ಯಾನ್ವಾಸ್ ಬೂಟಿನ ಲಾಡಿ ಬಿಗಿದೆ. ಬೆನ್ನಿನ ಚೀಲದಲ್ಲಿ ಎಂಟು ಕಿಲೋ ಜೋಳ. ಕಾಲಿಗೆ ಗದಗಿನಲ್ಲಿ ಕೊಂಡ ಹೊಚ್ಚ ಹೊಸ ಕಾಲುಚೀಲ. ಪಕ್ಕದಲ್ಲಿ ಹವಾಯಿ ಚಪ್ಪಲಿ ಮೆಟ್ಟಿ, ಛತ್ರಿ ಹಿಡಿದು ನಿಂತ ಅತ್ತೆ. ಹೋಗಬೇಕಾದದ್ದು ಹನ್ನೊಂದು ಕಿಲೋಮೀಟರ್ ಆಚೆಗಿನ ಮಾಗಡಿ ಕೆರೆಗೆ. ಅಲ್ಲಿ ಕೆಲಸವೇನೂ ಇರಲಿಲ್ಲ. ಮುಟ್ಟಿ ತಿರುಗಿ ಬರುವುದೇ ಕೆಲಸ.

ಆಗ ನನಗೆ ಹತ್ತೊಂಬತ್ತು. ಗದಗಿನಲ್ಲಿ ಕಾಲೇಜು, ಬೆಟಗೇರಿಯಲ್ಲಿ ನಾಲ್ವರು ಹುಡುಗಿಯರು ಸೇರಿ ಹಿಡಿದ ಒಂದು ಕೋಣೆ, ಶನಿವಾರ ಸಂಜೆಯ ಬಸ್ಸಿಗೆ ಲಕ್ಷ್ಮೇಶ್ವರ. ಆ ವರ್ಷ ಕಾಲೇಜಿನಿಂದ ಮೇ ತಿಂಗಳಲ್ಲಿ ಹಿಮಾಚಲದ ಬೆಟ್ಟಗಳಿಗೆ ಹನ್ನೊಂದು ದಿನದ ಚಾರಣ ಗೊತ್ತಾಗಿತ್ತು. ಹುಡುಗಿಯರಿಗೆ ನಾಲ್ಕು ಜಾಗ. ಮೂರು ತುಂಬಿದ್ದವು. ನಾಲ್ಕನೆಯದು ನನ್ನದು, ಅಪ್ಪ ಸಹಿ ಮಾಡಿದರೆ. ಸಹಿ ಮಾಡಿದ ಕಾಗದ ಮಾರ್ಚ್ ಹದಿನಾಲ್ಕರ ಸೋಮವಾರ ಕಾಲೇಜಿಗೆ ಮುಟ್ಟಬೇಕಿತ್ತು. ಮುಟ್ಟದಿದ್ದರೆ ಜಾಗ ಇನ್ನೊಬ್ಬಳಿಗೆ.

ನಮ್ಮ ಮುತ್ತಜ್ಜನವರೆಗೆ ಮನೆತನದ ಕೆಲಸ ಗುಡಿಯದು. ಅಜ್ಜನಿಂದೀಚೆಗೆ ಶಾಲೆ, ಕಚೇರಿ. ಅಪ್ಪ ಶಿರಹಟ್ಟಿಯ ಕಚೇರಿಯೊಂದರಲ್ಲಿ ಗುಮಾಸ್ತ. ಏನೇ ಕಾಗದ ಬರಲಿ, ಕೆಂಪು ಪೆನ್ಸಿಲ್ ಹಿಡಿದೇ ಓದುತ್ತಿದ್ದರು. ಚಾರಣಕ್ಕೆ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಹದಿನೇಳು ಬಾಬು ಇದ್ದವು. ಎಂಟರವರೆಗೆ ಅಪ್ಪ ಸರಸರ ಗುರುತು ಹಾಕಿದರು. ಒಂಬತ್ತನೆಯದಕ್ಕೆ ಪೆನ್ಸಿಲ್ ನಿಂತಿತು: ‘ದಪ್ಪ ಉಣ್ಣೆಯ ಕಾಲುಚೀಲ, ಎರಡು ಜೊತೆ.’

“ಸ್ವೆಟರ್ ಇಲ್ಲಂದ್ರ ಶಾಲು ಹೊದೀಬಹುದು. ಟೊಪಗಿ ಇಲ್ಲಂದ್ರ ಪಂಜಾ ಸುತ್ತಬಹುದು. ಕಾಲು ಕೆಟ್ಟರ ಏನ್ ಮಾಡ್ತಿ ಅಲ್ಲೆ?” ಎಂದರು.

ಇದು ಸುಮ್ಮನೆ ಆಡಿದ ಮಾತಲ್ಲ. ೧೯೭೧ರಲ್ಲಿ ಮುಂಡರಗಿಯಲ್ಲಿದ್ದಾಗ ಹೊಸ ಬೂಟು ಹಾಕಿಕೊಂಡು ಕೊರ್ಲಹಳ್ಳಿಯ ಹೊಳೆದಂಡೆಯವರೆಗೆ ನಡೆದುಹೋಗಿ, ಎದ್ದ ಗುಳ್ಳೆ ಕೀವಾಗಿ, ಹತ್ತೊಂಬತ್ತು ದಿನ ಹಾಸಿಗೆ ಹಿಡಿದಿದ್ದರು. ಬಲಗಾಲಿನ ಹೆಬ್ಬೆರಳಿನ ಉಗುರು ಇಂದಿಗೂ ಸೊಟ್ಟ. ಮನೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಆ ಉಗುರಿನ ದರ್ಶನ ಮಾಡಿಸಿಯೇ ಕಳಿಸುತ್ತಿದ್ದರು.

ಅಪ್ಪ ಕಾಗದದ ಹಿಂದೆ ಷರತ್ತು ಬರೆದರು. ಎಂಟು ಕಿಲೋ ಹೊತ್ತು ಮಾಗಡಿ ಕೆರೆಗೆ ಹೋಗಿ ಅದೇ ದಿನ ತಿರುಗಿ ಬರಬೇಕು. ಬಂದ ಕೂಡಲೇ ಅವರು ಕಾಲು ನೋಡುತ್ತಾರೆ. “ಒಂದ ಗುಳ್ಳಿ ಕಂಡ್ರೂ ಸಹಿ ಇಲ್ಲ. ಎಷ್ಟು ಸಲ ಬೇಕಾದ್ರೂ ಹೋಗಿ ಬಾ. ಮಾರ್ಚ್ ಹದಿಮೂರಕ್ಕ ಬಾಗಲಾ ಬಂದ್.”

ಹುಡುಗಿ ಒಬ್ಬಳೇ ಹೋಗುವಂತಿಲ್ಲವಾದ್ದರಿಂದ ಅತ್ತೆ ಜೊತೆಗೆ. ಅತ್ತೆ ಎಂದರೆ ಅಪ್ಪನ ತಂಗಿ. ಕನ್ಯಾಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದಳು, ನಮ್ಮ ಮನೆಯಲ್ಲೇ ಇದ್ದಳು. ನಗಲು ಅವಳಿಗೆ ಕಾರಣ ಬೇಕಿರಲಿಲ್ಲ. ನನಗೆ ಅವಳು ನಕ್ಕರೆ ಸಾಕಿತ್ತು.

ಹೋಗಿ ಬಂದೆವು. ಹೋಗಲು ಎರಡು ಗಂಟೆ ನಲವತ್ತು ನಿಮಿಷ, ಬರಲು ಮೂರು ಗಂಟೆ ಮೂವತ್ತೈದು ನಿಮಿಷ. ಎಂಟು ಕಿಲೋ ಇದ್ದ ಜೋಳ ಮನೆಗೆ ಬಂದಾಗ ಏಳೂಕಾಲು ಕಿಲೋ. ಚೀಲದ ಮೂಲೆಯಲ್ಲಿ ತೂತಿತ್ತು. ದಾರಿಯುದ್ದಕ್ಕೂ ಗುಬ್ಬಿಗಳು ಯಾಕೆ ನಮ್ಮ ಬೆನ್ನು ಬಿದ್ದಿವೆ ಎಂದು ಅತ್ತೆ ಎರಡು ಸಲ ಕೇಳಿದ್ದಳು. ತನ್ನ ಎಣ್ಣೆಯ ಪರಿಮಳಕ್ಕೆ ಇರಬೇಕು ಎಂದು ತಾನೇ ಉತ್ತರವನ್ನೂ ಹೇಳಿಕೊಂಡಿದ್ದಳು.

ಅಪ್ಪ ಕನ್ನಡಕ ಏರಿಸಿ ನನ್ನ ಪಾದಗಳನ್ನು ಅರ್ಜಿಯ ಹಾಗೆ ಹಿಂದೆ ಮುಂದೆ ತಿರುವಿ ನೋಡಿದರು. ಬಲ ಹಿಮ್ಮಡಿಗೆ ಎರಡು, ಎಡಕ್ಕೆ ಒಂದು, ಎಡ ಕಿರುಬೆರಳಿಗೆ ಒಂದು, ಬಲ ಅಂಗಾಲಿಗೆ ಒಂದು. “ಐದು,” ಎಂದರು. ನಾನೂ ಐದೆಂದೇ ಬರೆದುಕೊಂಡೆ.

“ನನ್ನ ಕಾಲು ಯಾರೂ ನೋಡಂಗಿಲ್ಲ,” ಅತ್ತೆ ಚಪ್ಪಲಿ ಬಿಡುತ್ತ ಅಂದಳು. ಅವಳ ಕಾಲಿನಲ್ಲಿ ಒಂದೂ ಇರಲಿಲ್ಲ. ಇಪ್ಪತ್ತೆರಡು ಕಿಲೋಮೀಟರಿಗೂ ಅದೇ ಹವಾಯಿ ಚಪ್ಪಲಿ.

ಕಾಲುಚೀಲದ ಚೀಟಿಯ ಮೇಲೆ ಒಂದು ಕುರಿಯ ಚಿತ್ರವಿತ್ತು. ಅಂಗಡಿಯವನು “ಅಸಲಿ ವುಲನ್ ರೀ” ಎಂದದ್ದನ್ನು ನಾನು ನಂಬಿದ್ದೆ, ಕುರಿ ಅಷ್ಟು ಚೆನ್ನಾಗಿ ನಗುತ್ತಿತ್ತು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಕಾಲುಚೀಲದಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದಳು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಎಳೆ ಪುಡಿಯಾಗುತ್ತದೆ. ಇದು ಕರಗಿ ತುದಿಗೆ ಕರಿ ಮಣಿ ಕಟ್ಟಿತು.

“ಶುದ್ಧ ನೈಲಾನು,” ಎಂದಳು ಅತ್ತೆ. “ಇದರಾಗ ಬೆವರು ಹೋಗಲಿಕ್ಕೆ ಹಾದಿ ಇಲ್ಲ. ಕಾಲು ಒಳಗ ಕುದ್ದು ಗುಳ್ಳಿ ಎದ್ದಾವು.”

“ಮತ್ತ ಕುರಿ?” ಎಂದೆ.

“ಕುರಿ ಚೀಟಿಯೊಳಗ ಅಷ್ಟ ಅದ.”

“ನನ್ನ ಅಡಗಿಮನಿ ಬಾಗಲದಾಗ ಏನು ಹೋಮ ನಡಸೀರಿ?” ಒಳಗಿನಿಂದ ಅವ್ವ ಕೇಳಿದಳು.

ಹೀಗಾಗಿ ಖರೆ ಉಣ್ಣೆ ಹುಡುಕುವ ಪ್ರಸಂಗ ಬಂತು. ಗದಗಿನಲ್ಲಿ ಮುಂದಿನ ವಾರ ನಾಲ್ಕು ಅಂಗಡಿ ತಿರುಗಿದೆ. ನಾಲ್ಕರಲ್ಲೂ ನಗುವ ಕುರಿ. ಅತ್ತೆಯ ಶಾಲೆಯಲ್ಲಿ ಅಡರಕಟ್ಟಿಯ ಹುಡುಗಿಯೊಬ್ಬಳಿದ್ದಳು, ಅವಳ ಅಜ್ಜ ಕಂಬಳಿ ನೇಯುತ್ತಿದ್ದ. ಫೆಬ್ರವರಿ ೧೩ರ ರವಿವಾರ, ಒಂಬತ್ತೂವರೆಯ ಬಸ್ಸಿಗೆ ನಾವಿಬ್ಬರೂ ಅಡರಕಟ್ಟಿಗೆ ಹೋದೆವು.

ಅಜ್ಜನ ಮನೆಯ ಮುಂದಿನ ಬಯಲಲ್ಲಿ ಗೂಟದಿಂದ ಗೂಟಕ್ಕೆ ಕರಿ ನೂಲಿನ ಸಾಲು ಎಳೆದು ಕಟ್ಟಿತ್ತು. ಅಜ್ಜ ತನಗಿಂತ ಅಗಲವಾದ ಕುಂಚ ಹಿಡಿದು ಅದರ ಮೇಲೆ ಏನನ್ನೋ ಸವರುತ್ತ ಆ ತುದಿಯಿಂದ ಈ ತುದಿಗೆ ಬರುತ್ತಿದ್ದ. ಅತ್ತೆಯನ್ನು ಕಂಡು ಕುಂಚ ಕೆಳಗಿಟ್ಟ.

“ಬರ್ರಿ ಅಕ್ಕೋರ, ಕುಂಡ್ರಿ. ನಮ್ಮ ಹುಡುಗಿ ಏನರ ತಪ್ಪು ಮಾಡ್ಯಾಳೇನು?”

“ತಪ್ಪಲ್ಲ ಅಜ್ಜಾ. ನೂಲು ಬೇಕಾಗ್ಯದ. ಕಾಲಚೀಲ ಹೆಣೀಬೇಕು. ಇಕಿ ಹಿಮದಾಗ ಹನ್ನೊಂದು ದಿನ ನಡೀತಾಳ. ನಿನ್ನ ಹತ್ರ ಇದ್ದದ್ದರಾಗ ಎಲ್ಲಾಕ್ಕಿಂತ ಗಟ್ಟಿ ನೂಲು ಕೊಡು.”

“ಗಟ್ಟೀನ ಬೇಕೇನ್ರಿ?”

“ಎಲ್ಲಾಕ್ಕಿಂತ ಗಟ್ಟಿ,” ಎಂದಳು ಅತ್ತೆ. ಶಾಲೆಯ ಅಕ್ಕೋರಾದವಳು, ಒಂದೇ ಮಾತನ್ನು ಎರಡು ಸಲ ಹೇಳುವ ರೂಢಿ.

ಅಜ್ಜ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಒಳಗೆ ಹೋಗಿ, ಒಂದು ಕಂಬಳಿಗೆಂದು ಸಿದ್ಧ ಮಾಡಿಟ್ಟಿದ್ದ ನೂಲನ್ನೇ ಬಿಚ್ಚಿ, ಮೂರು ಉಂಡೆ ಸುತ್ತಿ ತಂದ. ಮೊಮ್ಮಗಳಿಗೆ ಕಲಿಸುವ ಅಕ್ಕೋರಿಗೆ ಕೊಡುವುದು, ಕಡಿಮೆಯದು ಕೊಡಬಾರದು ಎಂದು. ಉಂಡೆ ನೆಲಕ್ಕೆ ಬಿದ್ದಾಗ ಟಕ್ ಎಂದಿತು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಇದಕ್ಕಿಂತ ಗಟ್ಟಿ ಇನ್ನೇನು ಬೇಕು.

ಹೆಣಿಗೆ ಮುಗಿಯಲು ಹನ್ನೆರಡು ದಿನ ಹಿಡಿಯಿತು. ನಾಲ್ಕು ಕಡ್ಡಿ, ಸುತ್ತಿಗೆ ನಲವತ್ನಾಲ್ಕು ಕುಣಿಕೆ. ಮುಂದಿನ ಶನಿವಾರ ನಾನು ಬಂದಾಗ ಅತ್ತೆ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ನೂಲು ಕಡ್ಡಿಯ ಮೇಲೆ ಜಾರುವಾಗ ಮಾಳಿಗೆಯಲ್ಲಿ ಇಲಿ ಕಡಿದ ಹಾಗೆ ಕರಕರ ಎನ್ನುತ್ತಿತ್ತು. ನಾವು ಅದನ್ನೂ ಒಳ್ಳೆಯ ನೂಲಿನ ಲಕ್ಷಣ ಎಂದೇ ತಿಳಿದೆವು. ಇಪ್ಪತ್ತಾರರ ಸಂಜೆ ನಾನು ಮನೆಗೆ ಬಂದು ನೋಡುತ್ತೇನೆ, ಪಡಸಾಲೆಯ ನಡುವೆ ಎರಡು ಕಾಲುಚೀಲ ನಿಂತಿವೆ. ಒಳಗೆ ಕಾಲಿಲ್ಲ, ಏನೂ ಇಲ್ಲ. ತಾವೇ ನಿಂತಿವೆ. ಯಾರೋ ಕಾಲಷ್ಟೇ ಮನೆಗೆ ಕಳಿಸಿ ಮಿಕ್ಕವರು ಹಿಂದಿನಿಂದ ಬರುತ್ತಿದ್ದಾರೆ ಎಂಬಂತೆ.

ಅತ್ತೆ ಕಂಬಕ್ಕೆ ಒರಗಿ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು. “ಕುಂಡ್ರಸಲಿಕ್ಕೆ ನೋಡಿದೆ. ಕುಂಡ್ರವಲ್ಲವು,” ಅಂದಳು. ಇಬ್ಬರೂ ನಗಲಾರದಷ್ಟು ನಕ್ಕೆವು. ಅಪ್ಪ ಬಂದು, ಒಂದನ್ನು ಬೆರಳಿನಿಂದ ತಟ್ಟಿ, ಅದರ ಸದ್ದು ಕೇಳಿ, ಒಳಗೆ ಹೋದರು.

ಫೆಬ್ರವರಿ ೨೭, ಮುಂಜಾನೆ ಆರು ಗಂಟೆ. ಎರಡನೆಯ ನಡಿಗೆ. ಈ ಸಲ ಚೀಲದ ತೂತು ಹೊಲಿದಿದ್ದೆವು. ಕಾಲುಚೀಲ ಬೂಟಿನ ಮೇಲೆ ಒಂದು ಗೇಣು ಎದ್ದು ನಿಂತಿತ್ತು. ಎದುರಿಗೆ ಬಂದ ಚಕ್ಕಡಿಯವನು ಎತ್ತು ತರುಬಿ ಕೇಳಿದ:

“ಯಾಕ್ರಿ ಅಕ್ಕೋರ, ನಿಮ್ಮ ಹುಡುಗಿ ಕಾಲಿಗೆ ಕಂಬಳಿ ಹೊಚ್ಚೀರಿ? ಕಾಲಿಗೆ ಅಷ್ಟ ಜ್ವರಾ ಬಂದಾವೇನು?”

“ಹೂಂ, ಮಂಡಿ ತನಕ ಬಂದಾವು,” ಅತ್ತೆ ನಡೆಯುತ್ತಲೇ ಉತ್ತರ ಕೊಟ್ಟಳು.

ನಾಲ್ಕನೆಯ ಕಿಲೋಮೀಟರ್ ಕಲ್ಲಿನವರೆಗೆ ತೊಗಟೆಯೊಳಗೆ ಕಾಲಿಟ್ಟು ನಡೆದ ಹಾಗಿತ್ತು. ಬಿಸಿಲೇರಿ ಬೆವರು ಬಂದಂತೆ ಒಳಗೆ ಇನ್ನೊಂದು ತರಹ ಆಗತೊಡಗಿತು. ಹೆಜ್ಜೆಗೊಂದು ಪಚ್ ಪಚ್. ಏಳನೆಯ ಕಲ್ಲಿನ ಹೊತ್ತಿಗೆ ಕಾಲು ಬೇರೆ, ಕಾಲುಚೀಲ ಬೇರೆ ಎಂಬ ಭೇದ ಉಳಿಯಲಿಲ್ಲ. ಕೆರೆಯ ದಂಡೆಯಲ್ಲಿ ಬೂಟು ಬಿಚ್ಚಿ ಕುಳಿತೆ. ಕಾಲುಚೀಲ ಬರಲಿಲ್ಲ. ಅತ್ತೆ ಎಳೆದಳು, ನಾನೇ ಜಾರಿ ಅವಳ ಕಡೆ ಹೋದೆ. ಅಷ್ಟರಲ್ಲಿ ಇರುವೆಗಳಿಗೆ ಖಬರು ಮುಟ್ಟಿತ್ತು. ಸಾಲುಗಟ್ಟಿ ಬಂದು ಹಿಮ್ಮಡಿ ಏರತೊಡಗಿದವು.

ನೀರಿನಲ್ಲಿ ಕಾಲು ಇಳಿಬಿಟ್ಟೆ. ಎತ್ತು ತೊಳೆಯುತ್ತಿದ್ದ ಒಬ್ಬಾತ ಇದನ್ನೆಲ್ಲ ನೋಡಿ, ಆಚೆ ದಡದ ದೊಡ್ಡ ಬಾತುಗಳ ಕಡೆ ಕೈ ಮಾಡಿದ.

“ಅವೂ ಭಾಳ ದೂರದಿಂದ ಬರ್ತಾವ್ರೀ ಅಕ್ಕೋರ. ಬರಿಗಾಲಲೇ ಬರ್ತಾವು.”

ಅತ್ತೆಗೆ ಅದು ಸಾಕಾಯಿತು. ಛತ್ರಿ ಊರಿ ಬಗ್ಗಿ ಬಗ್ಗಿ ನಕ್ಕಳು. ಕಾಲುಚೀಲ ಕೊನೆಗೆ ಗಂಜಿಯಂಥದ್ದನ್ನು ಸುರಿಸುತ್ತ ಬಂತು. ಬಿಸಿಲಿಗೆ ಇಟ್ಟೆವು. ಅರ್ಧ ಗಂಟೆಯಲ್ಲಿ ಒಣಗಿ ಮತ್ತೆ ನಿಂತವು, ಈ ಸಲ ನನ್ನ ಪಾದದ ಉಬ್ಬುತಗ್ಗುಗಳನ್ನೆಲ್ಲ ಅಚ್ಚೊತ್ತಿಕೊಂಡು. ಬೇರೆ ಉಪಾಯವಿಲ್ಲದೆ ಅದನ್ನೇ ಹಾಕಿಕೊಂಡು ಮನೆಗೆ ಬಂದೆ.

ಅಪ್ಪ ನೋಡಿದರು. “ಮೂರು.”

ಐದು ಇದ್ದದ್ದು ಮೂರಾಯಿತಲ್ಲ ಎಂದು ಅತ್ತೆ ವಕಾಲತ್ತು ಮಾಡಿದಳು. ಅಪ್ಪ ಷರತ್ತಿನ ಕಾಗದ ತಿರುವಿ ತೋರಿಸಿದರು. ಅದರಲ್ಲಿ ‘ಒಂದೂ’ ಎಂಬ ಪದದ ಕೆಳಗೆ ಕೆಂಪು ಗೆರೆ ಇತ್ತು. ಉಳಿದದ್ದು ಎರಡು ರವಿವಾರ. ಅಂದು ಸಂಜೆ ಬಸ್ಸಿನಲ್ಲಿ ಗದಗಿಗೆ ಹೋಗುವಾಗ ನನಗೆ ನಗು ಬರಲಿಲ್ಲ. ಕೋಣೆಯ ಇಬ್ಬರು ಗೆಳತಿಯರು ಆ ಮೂರು ಜಾಗಗಳಲ್ಲಿದ್ದರು. ಸ್ವೆಟರಿನ ಬಣ್ಣ ಯಾವುದಿರಲಿ ಎಂದು ಚರ್ಚಿಸುತ್ತಿದ್ದರು. ನಾನು ಪುಸ್ತಕ ತೆರೆದು ಓದುವವಳ ಹಾಗೆ ಕುಳಿತೆ.

ನಾನಿಲ್ಲದ ವಾರದಲ್ಲಿ ಅವ್ವ ತನಗೆ ತಿಳಿದ ಉಪಚಾರ ಮಾಡಿದ್ದಳು. ಕಾಲುಚೀಲವನ್ನು ಹಂಡೆಯ ಕುದಿಯುವ ನೀರಿನಲ್ಲಿ ಅದ್ದಿ, ಕಲ್ಲಿಗೆ ಎಂಟು ಸಲ ಬಡಿದು, ಮಡಿ ಹಗ್ಗದ ಮೇಲೆ ತನ್ನ ಧಾಬಳಿಯ ಪಕ್ಕ ಒಣಹಾಕಿದ್ದಳು. ನಮ್ಮ ಮನೆಯ ಪದ್ಧತಿಯಲ್ಲಿ ಹತ್ತಿಯ ಬಟ್ಟೆ ಮಡಿಯಾಗಬೇಕಾದರೆ ಹೊಸದಾಗಿ ಒಗೆದಿರಬೇಕು. ಉಣ್ಣೆಗೆ ಆ ತಾಪತ್ರಯವಿಲ್ಲ, ಅದಕ್ಕೇ ಅಡುಗೆಗೆ ಪೂಜೆಗೆ ಉಡುವ ಉಣ್ಣೆಯ ಸೀರೆ, ಧಾಬಳಿ. ಗಂಜಿಯೇನೋ ಹೋಯಿತು. ಜೊತೆಗೆ ಉಣ್ಣೆಯೂ ಕುಗ್ಗಿ, ನನ್ನ ಪಾದದ ಮುಕ್ಕಾಲು ಪಾಲಿನಷ್ಟಾಗಿ, ರೊಟ್ಟಿಯ ಹಾಗೆ ದಪ್ಪಗಾಯಿತು. ಅವ್ವನ ಪಾದ ಮೊದಲೇ ಸಣ್ಣವು.

ಮಾರ್ಚ್ ೬ರ ಮುಂಜಾನೆ ನಾನು ಎದ್ದು ಬಂದಾಗ ಅವ್ವ ಧಾಬಳಿ ಉಟ್ಟು, ಕಾಲಿಗೆ ಆ ಕಾಲುಚೀಲ ಹಾಕಿಕೊಂಡು, ನುಣ್ಣನೆಯ ಕರಿ ಕಲ್ಲಿನ ನೆಲದ ಮೇಲೆ ದೇವರಮನೆಯಿಂದ ಒಲೆಯವರೆಗೆ ಜಾರುತ್ತ ಓಡಾಡುತ್ತಿದ್ದಳು. ಹೆಜ್ಜೆ ಎತ್ತಬೇಕಾಗಿಯೇ ಇರಲಿಲ್ಲ. ಒಮ್ಮೆ ನೂಕಿದರೆ ಒಲೆ, ಇನ್ನೊಮ್ಮೆ ನೂಕಿದರೆ ದೇವರು.

“ಏನಿದು, ದೇವರ ಮುಂದ ಕಾಲಚೀಲ?” ಅಪ್ಪ ಕೇಳಿದರು.

“ಉಣ್ಣೀದು ರೀ. ಮೈಗೆ ನಡೀತದ ಅಂದಮ್ಯಾಲೆ ಕಾಲಿಗೆ ಯಾಕ ನಡ್ಯಂಗಿಲ್ಲ? ಐದು ಗಂಟೆಕ್ಕ ಈ ಕಲ್ಲಿನ ಮ್ಯಾಲೆ ನೀವು ನಿಂತು ನೋಡ್ರಿ.”

ಅಪ್ಪ ನಿಂತು ಯೋಚಿಸಿದರು. ಗುಡಿಯ ಮನೆತನ, ಒಂದಾದರೂ ನಿಯಮ ನೆನಪಾಗಬೇಕಿತ್ತು. “ಕಾಲಿಗೆ ಬ್ಯಾಡಂತ ಎಲ್ಲೂ ಬರದದ್ದು ನಾ ನೋಡಿಲ್ಲ,” ಎಂದು ಹೊರಗೆ ಹೋದರು. ಅವ್ವ ಜಾರುತ್ತ ಒಲೆಯ ಕಡೆ ಹೋದಳು.

ಅದೇ ದಿನ ಅಡರಕಟ್ಟಿಗೆ ಎರಡನೆಯ ಪ್ರಯಾಣ. ಅತ್ತೆ ಅಜ್ಜನಿಗೆ ಎಲ್ಲ ಹೇಳಿದಳು, ನಿಂತ ಕಾಲುಚೀಲ, ಗಂಜಿ, ಇರುವೆ. ಅಜ್ಜ ಕೇಳುತ್ತ ಕೇಳುತ್ತ ಜಗಲಿಯ ಅಂಚು ಹಿಡಿದುಕೊಂಡ.

“ಅಕ್ಕೋರ, ನಾ ಕೊಟ್ಟಿದ್ದು ಹಾಸಿನ ನೂಲು. ಅದನ್ನ ಕಾಲಿಗೆ ಹಾಕ್ಕೊಂಡ್ರ್ಯಾ?”

“ಹಾಸಿಂದಂದ್ರ?”

ಆಗ ತಿಳಿಯಿತು. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವುದು ಹಾಸು, ಅಡ್ಡಕ್ಕೆ ಹಾಯುವುದು ಹೊಕ್ಕು. ಹಾಸಿನ ನೂಲಿಗೆ ಏಟು ಜಾಸ್ತಿ, ಹರಿಯಬಾರದು. ಅದಕ್ಕೆ ಹುಣಸೆ ಬೀಜ ಅರೆದು ಕುದಿಸಿದ ಗಂಜಿಯನ್ನು ಕುಂಚದಿಂದ ಸವರಿ ಒಣಗಿಸುತ್ತಾರೆ. ಹೊಕ್ಕಿನ ನೂಲಿಗೆ ಗಂಜಿಯಿಲ್ಲ, ಅದು ಮೆತ್ತಗಿರಬೇಕು. ಅಂದು ಬಯಲಲ್ಲಿ ಅಜ್ಜ ನಮ್ಮ ಕಣ್ಣೆದುರೇ ಸವರುತ್ತಿದ್ದದ್ದು ಆ ಗಂಜಿಯನ್ನೇ. ನಾವು ಕೇಳಲಿಲ್ಲ. ಹೆಣಿಗೆ ಕಲಿಸುವವಳು ಮತ್ತು ವಿಜ್ಞಾನ ಓದುವವಳು ಇಬ್ಬರೂ ಸೇರಿ ಕಂಬಳಿಯ ಅಂಟನ್ನು ಕಾಲಿಗೆ ಕಟ್ಟಿಕೊಂಡಿದ್ದೆವು.

“ಗಟ್ಟಿ ಬೇಕು ಗಟ್ಟಿ ಬೇಕು ಅಂತ ಎರಡು ಸಲ ಅಂದ್ರಿ. ಅಕ್ಕೋರಿಗೆ ಎದುರು ಹೆಂಗ ಮಾತಾಡಾಕ ಆಕ್ಕೈತಿ?” ಅಜ್ಜ ಕಣ್ಣೊರೆಸಿಕೊಂಡ. “ನಾನೂ ಅನ್ಕೊಂಡೆ, ಹಿಮದಾಗ ಹಿಂಗ ಬೇಕಾಗಬೌದು ಅಂತ.”

ಈ ಸಲ ಅಜ್ಜ ಮೂರು ಉಂಡೆ ನನ್ನ ಮುಂದಿಟ್ಟು ಆರಿಸು ಎಂದ. ನಾನು ಬೆರಳಿನಲ್ಲಿ ಹಿಚುಕಿದೆ.

“ಬಟ್ಟಿನ್ಯಾಗ ಅಲ್ಲವ್ವಾ. ಬಟ್ಟು ಸುಳ್ಳು ಹೇಳ್ತಾವು. ಗದ್ದದ ಬುಡಕ ತಿಕ್ಕಿ ನೋಡು.”

ಗದ್ದದ ಕೆಳಗೆ ಒಂದೊಂದನ್ನೂ ಇಪ್ಪತ್ತು ಸಲ ತಿಕ್ಕಿಕೊಂಡೆ. ಮೊದಲನೆಯದು ಆರನೆಯ ತಿಕ್ಕಿಗೆ ಚುಚ್ಚಿತು. ಎರಡನೆಯದು ಹದಿನಾಲ್ಕಕ್ಕೆ. ಮೂರನೆಯದು ಇಪ್ಪತ್ತಾದರೂ ಚುಚ್ಚಲಿಲ್ಲ, ಬೆಕ್ಕಿನ ಬೆನ್ನು ಸವರಿದ ಹಾಗಿತ್ತು. ಅದು ಮರಿಯ ಮೊದಲನೆಯ ಕತ್ತರಿಯ ಉಣ್ಣೆ ಎಂದ ಅಜ್ಜ. ಅತ್ತೆಯೂ ತಿಕ್ಕಿಕೊಂಡಳು. ಅಜ್ಜನ ಮನೆಯ ಮುಂದೆ ಇಬ್ಬರು ಹೆಂಗಸರು ಗದ್ದ ಮೇಲೆತ್ತಿ ನೂಲು ತಿಕ್ಕಿಕೊಳ್ಳುತ್ತಿರುವುದನ್ನು ನೋಡಲು ಓಣಿಯವರು ಏಳೆಂಟು ಜನ ಕೂಡಿದ್ದರು. ಒಬ್ಬಾಕೆ ತನಗೂ ಒಂದು ಸಲ ಕೊಡಿ ಎಂದು ಕೇಳಿ ತಿಕ್ಕಿಕೊಂಡು ಹೋದಳು.

ಕೈಯಲ್ಲಿದ್ದದ್ದು ಆರು ದಿನ. ಒಂದು ಜೊತೆ ಅತ್ತೆಯೇ ಹೆಣೆದಳು. ಇನ್ನೊಂದು ಜೊತೆಯನ್ನು ಏಳನೆಯ ಇಯತ್ತೆಯ ಹುಡುಗಿಯರಿಗೆ ಅಭ್ಯಾಸಕ್ಕೆಂದು ಕೊಟ್ಟಳು. ಒಂದನ್ನು ಎಡಗಡೆಯ ಬೆಂಚಿನವರು, ಒಂದನ್ನು ಬಲಗಡೆಯವರು. ಪೈಪೋಟಿಯಲ್ಲಿ ಎರಡೂ ಬೆಂಚಿನವರು ಉದ್ದ ಬಿಟ್ಟಿದ್ದೇ ಬಿಟ್ಟಿದ್ದು. ಶನಿವಾರ ಅಳೆದೆ. ಅತ್ತೆಯದು ನನಗೆ ಸರಿಯಾಗಿ ಕುಳಿತಿತು. ಹುಡುಗಿಯರದು ನನ್ನ ಪಾದಕ್ಕಿಂತ ನಾಲ್ಕು ಬೆರಳು ಮುಂದೆ ಹೋಗಿ ಜೋತುಬಿದ್ದಿತ್ತು. ಅದನ್ನು ಮಡಚಿ ಬೆನ್ನಚೀಲದಲ್ಲಿ ಜೋಳದ ಮೇಲೆ ಇಟ್ಟೆ.

ಮಾರ್ಚ್ ೧೩, ಮುಂಜಾನೆ ಐದು ಗಂಟೆ ಐವತ್ತು ನಿಮಿಷ. ಕೊನೆಯ ನಡಿಗೆ. ಬಾಗಿಲು ದಾಟುವಾಗ ಅಪ್ಪ ಕಚೇರಿಯ ಚರ್ಮದ ಬೂಟು ಹಾಕಿಕೊಂಡು ಹೊರಗೆ ಬಂದರು.

“ನಾನೂ ಬರ್ತೇನಿ. ನೀವಿಬ್ಬರೂ ಹಾದಿಗುಂಟ ನಡೀತೀರೋ ಬರೇ ನಗತೀರೋ, ಊರ ಮಂದಿ ಕೇಳಲಿಕತ್ತಾರ.”

“ಅಣ್ಣಾ, ಬಿಸಲದ. ತಾಳಿಕೊಳ್ಳೂದಿಲ್ಲ ನಿನಗ,” ಎಂದಳು ಅತ್ತೆ.

“ನೀ ನಿನ್ನ ಚಪ್ಪಲಿ ನೋಡ್ಕೊ.”

ಅಪ್ಪ ಮುಂದೆ, ನಾವು ಹಿಂದೆ. ಮೊದಲ ಐದು ಕಲ್ಲು ಅವರು ಕೋರ್ಟಿಗೆ ತಡವಾದವರ ಹಾಗೆ ಹೋದರು. ಆರನೆಯ ಕಲ್ಲಿನಲ್ಲಿ ಡಾಂಬರು ಬಿಟ್ಟು ಬದಿಯ ಮಣ್ಣಿಗೆ ಇಳಿದರು. ಎಂಟರಲ್ಲಿ ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿದ್ದರು. ಒಂಬತ್ತರಲ್ಲಿ ಕಲ್ಲಿನ ಮೇಲೇ ಕುಳಿತು, ದಾರಿಯ ಗಿಡಗಳನ್ನು ಆಸಕ್ತಿಯಿಂದ ನೋಡಿದರು. ನನ್ನ ಕಾಲು ಒಳಗೆ ಬೆಚ್ಚಗೆ, ಒಣಗಿ, ಇದ್ದದ್ದೇ ಗೊತ್ತಾಗದ ಹಾಗಿತ್ತು. ಅದನ್ನು ಹೇಳುವ ಧೈರ್ಯವಾಗಲಿಲ್ಲ.

ಕೆರೆಯ ದಂಡೆಯಲ್ಲಿ ಅಪ್ಪ ಬೂಟು ಬಿಚ್ಚಿದರು. ತೆಳು ಹತ್ತಿಯ ಕಾಲುಚೀಲ ನೆನೆದು ಪಾದಕ್ಕೆ ಅಂಟಿತ್ತು. ಅತ್ತೆ ನನ್ನ ಚೀಲದಿಂದ ಹುಡುಗಿಯರು ಹೆಣೆದ ದೊಡ್ಡ ಜೊತೆ ತೆಗೆದು ಅವರ ಪಕ್ಕ ಇಟ್ಟಳು.

“ಈ ಬಿಸಲಾಗ ಉಣ್ಣಿ?”

“ಹಾಕ್ಕೊಂಡು ನೋಡು. ನಗಂಗಿಲ್ಲ ನಾವು.”

ಹಾಕಿಕೊಂಡರು. ಅಳತೆ ತೆಗೆದು ಮಾಡಿದ ಹಾಗೆ ಕುಳಿತಿತು. ಎದ್ದು ನಾಲ್ಕು ಹೆಜ್ಜೆ ಹೋದರು, ನಾಲ್ಕು ಹೆಜ್ಜೆ ಬಂದರು. ಬೆರಳು ಆಡಿಸಿದರು. “ಹೂಂ,” ಎಂದರು. ಇನ್ನೊಂದು ಸುತ್ತು ಹಾಕಿ, “ಹೂಂ,” ಎಂದರು ಮತ್ತೆ.

ತಿರುಗಿ ಬರುವಾಗ ಅವರು ನಮ್ಮ ಜೊತೆಗೇ ನಡೆದರು. ಮೂರನೆಯ ಕಲ್ಲಿನ ಹತ್ತಿರ ತಾವಾಗಿಯೇ ಹೇಳಿದರು, ಆ ಕೊರ್ಲಹಳ್ಳಿಯ ನಡಿಗೆಯಲ್ಲಿ ಕಾಲುಚೀಲವನ್ನೇ ಹಾಕಿರಲಿಲ್ಲವಂತೆ. ಬಿಳಿಯವು, ಹೊಸವು, ಧೂಳಾಗಬಾರದೆಂದು ಕಿಸೆಯಲ್ಲಿ ಇಟ್ಟುಕೊಂಡಿದ್ದರಂತೆ.

“ಹನ್ನೆರಡು ವರ್ಷ ಆತು, ಇದನ್ನ ಹೇಳಿಲ್ಲಲ್ಲ ನೀ,” ಅತ್ತೆ ರಸ್ತೆಯ ನಡುವೆ ನಿಂತಳು. “ಕಿಸೆದಾಗ? ಕಿಸೆಗೆ ಗುಳ್ಳಿ ಏಳಬಾರದಂತೇನು?”

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಮೂವರೂ ಛತ್ರಿಯ ನೆರಳಲ್ಲಿ ನಿಂತು ನಗುತ್ತಿರುವಾಗ ಶಿರಹಟ್ಟಿಯ ಬಸ್ಸು ಹಾದುಹೋಯಿತು. ಕಿಟಕಿಯಲ್ಲಿ ಅವರ ಕಚೇರಿಯವರು ಇಬ್ಬರಿದ್ದರು. ಅಪ್ಪ ಕೈಯೆತ್ತಿ ನಮಸ್ಕಾರ ಮಾಡಿದರು.

ಮನೆ ಮುಟ್ಟಿದಾಗ ಹನ್ನೆರಡು ಗಂಟೆ ಐವತ್ತೈದು ನಿಮಿಷ. ನಾನು ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದೆ. ಅಪ್ಪ ಕನ್ನಡಕ ಏರಿಸಿದರು. ಬಲಗಾಲು: ಇಲ್ಲ. ಎಡಗಾಲಿನ ಬೆರಳು: ಇಲ್ಲ. ಅಂಗಾಲು: ಇಲ್ಲ. ಎಡ ಹಿಮ್ಮಡಿಯ ಹಿಂದೆ, ಅತ್ತೆ ತಿರುವು ಕೊಟ್ಟು ನೂಲು ಕೂಡಿಸಿದ ಜಾಗದಲ್ಲಿ, ಉದ್ದಿನಕಾಳಿನಷ್ಟು ಒಂದು.

ಅವ್ವ ಬಿಸಿನೀರಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಅತ್ತೆ ಆ ಜಾಗ ಮುಟ್ಟಿ ನೋಡಿದಳು, ಕೂಡಿಸಿದ್ದು ತಾನಲ್ಲವೆ. ‘ಒಂದೂ’ ಎಂಬುದರ ಕೆಳಗಿನ ಕೆಂಪು ಗೆರೆ ಕಣ್ಣಿಗೆ ಕಟ್ಟಿತು.

ಅಪ್ಪ ನನ್ನ ಕಾಲು ಕೆಳಗಿಟ್ಟು ತಮ್ಮ ಬೂಟು ಬಿಚ್ಚಿದರು. ಉಣ್ಣೆಯ ಕಾಲುಚೀಲ ತೆಗೆದು, ತಮ್ಮ ಪಾದಗಳನ್ನೂ ಹಿಂದೆ ಮುಂದೆ ತಿರುವಿ ನೋಡಿ, “ಹೋಗೂವಾಗ ಹತ್ತಿಯೊಳಗ ಎದ್ದದ್ದು ಆರು, ಬರೂವಾಗ ಉಣ್ಣಿಯೊಳಗ ಒಂದೂ ಇಲ್ಲ,” ಎಂದು ಷರತ್ತಿನ ಕಾಗದ ತರಿಸಿ, ‘ಒಂದೂ’ ಎಂಬುದನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ ಸಹಿ ಮಾಡಿದರು.